ಜಿ7 ಸಾಕಾ, ಜಿ9 ಬೇಕಾ? ಹಾಡಿನ ಧೈವತ ನೋಡಿ ತೀರ್ಮಾನಿಸಿ

ಕೀಬೋರ್ಡ್ ಕಲಿತು ಸ್ವಲ್ಪ ಕಾಲವಾದ ಮೇಲೆ ಜಿ7 ಕಾರ್ಡ್ ಸಪ್ಪೆ ಅನ್ನಿಸತೊಡಗುತ್ತದೆ. ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಆಗ ಕಣ್ಣಿಗೆ ಬೀಳುವುದು ಜಿ9. ಅದನ್ನು ಹುಡುಕಿಕೊಂಡು ಹೋದರೆ ಹಿಂದೆಯೇ ಒಂದು ದಂಡು ಬರುತ್ತದೆ. ಜಿ7 ಫ್ಲ್ಯಾಟ್ 9, ಜಿ7 ಶಾರ್ಪ್ 9, ಜಿ9 ಸಸ್4, ಜಿ ಆ್ಯಡ್9, ಜಿ ಮೇಜರ್9, ಸಿ6/9. ಎಲ್ಲದರ ಹೆಸರಿನಲ್ಲೂ ಒಂಬತ್ತು ಇದೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಮಾತ್ರ ಹಾಡು ಕೆಡುತ್ತದೆ.

ಪಾಶ್ಚಾತ್ಯ ಸಂಗೀತದ ಪುಸ್ತಕಗಳು ಇವನ್ನು ಪಿಯಾನೋ ಮುಂದೆ ಒಬ್ಬರೇ ಕೂತವರಿಗೆ ಹೇಳಿಕೊಡುತ್ತವೆ. ನಮ್ಮ ಕಡೆ ಹಾಗಲ್ಲ. ಬಳ್ಳಾರಿಯಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾ, ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ವಚನ ಗಾಯನ, ರಾಯಚೂರು ಕಡೆ ತತ್ವಪದ, ಭಾನುವಾರ ಚರ್ಚಿನ ಹಾಡು. ಇವೆಲ್ಲಕ್ಕೂ ಹೋಗುವ ವಾದಕ ಒಬ್ಬನೇ. ಹಾಡುವವರು ರಾಗದಲ್ಲಿ ಹಾಡುತ್ತಾರೆ, ನಾವು ಕಾರ್ಡ್ ಹಿಡಿಯುತ್ತೇವೆ. ಹಾಗಾಗಿ ಯಾವ ಕಾರ್ಡು ಶ್ರೀಮಂತವಾಗಿ ಕೇಳುತ್ತದೆ ಅನ್ನುವುದು ಆಮೇಲಿನ ಮಾತು. ಹಾಡಿನಲ್ಲಿ ಯಾವ ಸ್ವರ ಇದೆ, ಯಾವುದು ಇಲ್ಲ ಅನ್ನುವುದನ್ನು ಮೊದಲು ನೋಡಬೇಕು.

ಕೆಳಗಿನ ಎಲ್ಲ ಉದಾಹರಣೆಗಳಲ್ಲೂ ಸಾ ಎಂದರೆ ಸಿ, ಅಂದರೆ ಬಿಳಿ ಒಂದು. ಬೇರೆ ಶ್ರುತಿಗೆ ಬದಲಿಸುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಬಳ್ಳಾರಿಯಲ್ಲಿ ಹಿಂದೂಸ್ತಾನಿ, ಕರ್ನಾಟಕಿ ಎರಡೂ ಹಾಡುವವರು ಸಿಗುತ್ತಾರೆ. ಆದ್ದರಿಂದ ರಾಗದ ಹೆಸರು ಬಂದಲ್ಲಿ ಆದಷ್ಟು ಎರಡನ್ನೂ ಕೊಟ್ಟಿದ್ದೇನೆ.

ಜಿ9 ಒಳಗೆ ಏನಿದೆ

ಜಿಯಿಂದ ಶುರು ಮಾಡಿ ಒಂದು ಬಿಟ್ಟು ಒಂದು ಸ್ವರ ಪೇರಿಸುತ್ತಾ ಹೋಗಿ. ಜಿ, ಬಿ, ಡಿ, ಎಫ್, ಎ. ನಮ್ಮ ಲೆಕ್ಕದಲ್ಲಿ ಪ, ನಿ, ರಿ, ಮ, ಧ. ಮೊದಲ ಮೂರು ಸೇರಿದರೆ ಜಿ ಮೇಜರ್. ನಾಲ್ಕನೆಯದೂ ಬಂದರೆ ಜಿ7. ಐದನೆಯದೂ ಬಂದರೆ ಜಿ9. ಜಿಯನ್ನು ಒಂದು ಎಂದು ಎಣಿಸುತ್ತಾ ಹೋದರೆ ಮೇಲಿನ ಸಪ್ತಕದ ಎ ಒಂಬತ್ತನೆಯದು.

ಜಿ7, ಜಿ9 ಹಾಗೆ ಬೇರೊಂದು ಕಾರ್ಡಿನ ಕಡೆ ಎಳೆಯುವ ಕಾರ್ಡಿಗೆ ಡಾಮಿನಂಟ್ ಅನ್ನುತ್ತಾರೆ. ಅದಕ್ಕೆ ಎಳೆತ ಬರುವುದು ಮ ಮತ್ತು ನಿ ಎರಡೂ ಒಟ್ಟಿಗೆ ಇರುವುದರಿಂದ. ಅವುಗಳ ನಡುವೆ ಆರು ಅರ್ಧಸ್ವರದ ಅಂತರ ಇದೆ (ಕಪ್ಪು ಬಿಳಿ ಎಲ್ಲ ಸೇರಿಸಿ ಪಕ್ಕದ ಕೀಗೆ ಹೋದರೆ ಒಂದು ಅರ್ಧಸ್ವರ). ಕಿವಿಗೆ ಅದು ಅರ್ಧಕ್ಕೆ ನಿಂತ ಮಾತಿನ ಹಾಗೆ ಕೇಳುತ್ತದೆ. ನಿ ಮೇಲಕ್ಕೆ ಸಾ ಕಡೆ ಹೋಗಬೇಕು ಅನ್ನುತ್ತದೆ, ಮ ಕೆಳಕ್ಕೆ ಗ ಕಡೆ ಇಳಿಯಬೇಕು ಅನ್ನುತ್ತದೆ. ಜಿ9ನಲ್ಲಿ ಇನ್ನೊಂದು ಚಲನೆ ಸೇರುತ್ತದೆ. ಧ ಒಂದು ಮೆಟ್ಟಿಲು ಇಳಿದು ಪ ಆಗುತ್ತದೆ. ಸಾ, ಗ, ಪ ಮೂರೂ ಸಿಕ್ಕವು, ಅಂದರೆ ಸಿ ಮೇಜರ್ ಪೂರ್ತಿ ಬಂತು. ಜಿ9 ಕೇಳಿದಾಗ ಸಿಗುವ ನಯ ಹುಟ್ಟುವುದು ಇಲ್ಲಿಯೇ.

ಹಾಗಿದ್ದರೆ ಯಾವಾಗಲೂ ಜಿ9 ಹಿಡಿಯಬಹುದಲ್ವಾ? ಬೇಡ. ಹಾಡುವವರು ಪಂಚಮದ ಮೇಲೆ ಉದ್ದಕ್ಕೆ ನಿಂತಿದ್ದಾಗ ಅದೇ ಸಪ್ತಕದಲ್ಲಿ ನೀವು ಧ ಒತ್ತಿದರೆ ಅವರ ಸ್ವರದ ಪಕ್ಕದಲ್ಲೇ ಅದು ಉಜ್ಜುತ್ತದೆ. ಅಲ್ಲಿ ಜಿ7 ಸಾಕು. ಅವರು ಧೈವತದ ಮೇಲೆಯೇ ನಿಂತಿದ್ದರೂ ಜಿ7 ಸಾಕು. ಒಂಬತ್ತನೇ ಸ್ವರವನ್ನು ಅವರೇ ಹಾಡುತ್ತಿದ್ದಾರೆ, ನೀವು ಮತ್ತೆ ಒತ್ತುವ ಅಗತ್ಯ ಇಲ್ಲ. ಡೊಳ್ಳು, ಡ್ರಮ್ಸ್ ಜೋರಾಗಿರುವ ವೇಗದ ಹಾಡಿನಲ್ಲಿ ಜಿ7 ಮತ್ತು ಜಿ9 ನಡುವಿನ ವ್ಯತ್ಯಾಸ ಯಾರಿಗೂ ಕೇಳಿಸುವುದಿಲ್ಲ. ಜಿ9 ಬೆಲೆ ಗೊತ್ತಾಗುವುದು ನಿಧಾನದ ಭಾವಗೀತೆಯಲ್ಲಿ. ಸಾಲು ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದು ಚೆನ್ನಾಗಿ ಕೂರುತ್ತದೆ.

ಶುದ್ಧ ಧೈವತಕ್ಕೆ 9, ಕೋಮಲ ಧೈವತಕ್ಕೆ ಫ್ಲ್ಯಾಟ್ 9

ನನ್ನ ಪ್ರಕಾರ ಆಯ್ಕೆಯಲ್ಲಿ ಮುಖ್ಯವಾದದ್ದು ಇದೊಂದೇ. ಪಂಚಮದ ಮೇಲೆ ಕಟ್ಟಿದ ಕಾರ್ಡಿನಲ್ಲಿ ಒಂಬತ್ತನೆಯದು ಧೈವತ. ಹಾಗಾಗಿ ಹಾಡಿನ ಧೈವತ ಶುದ್ಧವಾದರೆ ಜಿ9. ಕೋಮಲವಾದರೆ, ಅಂದರೆ ಅರ್ಧಸ್ವರ ಕೆಳಗಿನದಾದರೆ, ಜಿ7 ಫ್ಲ್ಯಾಟ್ 9. ಅದರ ಸ್ವರಗಳು ಜಿ, ಬಿ, ಡಿ, ಎಫ್, ಎ ಫ್ಲ್ಯಾಟ್. ಫ್ಲ್ಯಾಟ್ ಅಂದರೆ ಅರ್ಧಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧಸ್ವರ ಮೇಲೆ. ಹಾಡು ಖುಷಿಯದೋ ದುಃಖದ್ದೋ, ಮೇಜರೋ ಮೈನರೋ ಅಂತ ನೋಡಿ ತೀರ್ಮಾನಿಸಲು ಹೋಗಬೇಡಿ. ಮೈನರ್ ಅಂದ ಕೂಡಲೇ ಫ್ಲ್ಯಾಟ್ 9 ಅಂತ ಹೇಳಿಕೊಡುವವರು ಬಹಳ. ಅರ್ಧ ಸಲ ಅದು ಸರಿ ಇರುತ್ತದೆ, ಇನ್ನರ್ಧ ಸಲ ಹಾಡಿಗೆ ಅಡ್ಡ ಬರುತ್ತದೆ.

ಬಿಲಾವಲ್ ಅಥವಾ ಶಂಕರಾಭರಣದ ಹಾಡು ಬಂದರೆ ಯೋಚನೆ ಬೇಡ. ಜಿ9, ಆಮೇಲೆ ಸಿ ಮೇಜರ್. ಕೀರವಾಣಿಯಲ್ಲಿ ಗ ಕೋಮಲ, ಧ ಕೋಮಲ, ನಿ ಶುದ್ಧ. ಜಿ7 ಫ್ಲ್ಯಾಟ್ 9 ಹಿಡಿದು ಸಿ ಮೈನರ್‌ಗೆ (ಸಿ, ಇ ಫ್ಲ್ಯಾಟ್, ಜಿ) ಬನ್ನಿ, ಒಂದು ಸ್ವರವೂ ರಾಗದ ಹೊರಗೆ ಹೋಗುವುದಿಲ್ಲ. ಈಗ ಪಟದೀಪ್ ತೆಗೆದುಕೊಳ್ಳಿ. ಅಲ್ಲೂ ಗ ಕೋಮಲ, ನಿ ಶುದ್ಧ. ಆದರೆ ಧೈವತ ಶುದ್ಧ. ಕರ್ನಾಟಕಿಯ ಗೌರಿಮನೋಹರಿಯೂ ಹೀಗೆಯೇ. ಅಲ್ಲಿ ಸರಿಯಾದದ್ದು ಜಿ9, ಬಂದು ನಿಲ್ಲುವುದು ಸಿ ಮೈನರ್ ಮೇಲೆ. ಫ್ಲ್ಯಾಟ್ 9 ಒತ್ತಿದರೆ ಪಟದೀಪ್ ಹೋಗಿ ಕೀರವಾಣಿ ಬಂದು ಕೂರುತ್ತದೆ. ಹಾಡುವವರು ತಿರುಗಿ ನೋಡುತ್ತಾರೆ. ಇದರ ತಿರುವುಮುರುವು ಬೇಕಾದರೆ ನಟಭೈರವ್, ಕರ್ನಾಟಕಿಯಲ್ಲಿ ಸರಸಾಂಗಿ. ಗ ಶುದ್ಧ, ಧ ಕೋಮಲ. ಹಾಗಾಗಿ ಜಿ7 ಫ್ಲ್ಯಾಟ್ 9, ಆಮೇಲೆ ಸಿ ಮೇಜರ್.

ಭೈರವ್, ಅಂದರೆ ಮಾಯಾಮಾಳವಗೌಳದ ಸ್ವರಗಳು, ಸ್ವಲ್ಪ ತೊಡಕಿನವು. ಅಲ್ಲಿ ರಿಷಭವೂ ಕೋಮಲ. ಜಿ ಕಾರ್ಡಿನ ಡಿ ಎಂದರೆ ಶುದ್ಧ ರಿಷಭ, ಅದು ರಾಗದಲ್ಲಿಲ್ಲ. ಆ ಸ್ವರ ಬಿಟ್ಟುಬಿಡಿ. ಜಿ, ಬಿ, ಎಫ್, ಎ ಫ್ಲ್ಯಾಟ್ ಇಷ್ಟೇ ಹಿಡಿಯಿರಿ. ಜಿಯನ್ನು ಒಂದು ಎಂದು ಎಣಿಸಿದರೆ ಡಿ ಐದನೆಯದು. ಕಾರ್ಡಿನ ಈ ಐದನೇ ಸ್ವರ ಬಿಟ್ಟರೂ ಅದರ ಗುರುತು ಹೋಗುವುದಿಲ್ಲ. ಒಂಬತ್ತರ ಕಾರ್ಡುಗಳಲ್ಲಿ ಮೊದಲು ಬಿಡುವುದೇ ಅದನ್ನು.

ಫ್ಲ್ಯಾಟ್ 9 ಬಗ್ಗೆ ಇನ್ನೊಂದು ಮಾತು. ಜಿ7 ಫ್ಲ್ಯಾಟ್ 9ರಿಂದ ಜಿ ತೆಗೆದರೆ ಉಳಿಯುವುದು ಬಿ, ಡಿ, ಎಫ್, ಎ ಫ್ಲ್ಯಾಟ್. ಅದು ಬಿ ಡಿಮಿನಿಶ್ಡ್ 7. ನಾಲ್ಕೂ ಸ್ವರಗಳ ನಡುವೆ ಮೂರು ಮೂರು ಅರ್ಧಸ್ವರದ ಸಮ ಅಂತರ. ಹಾಗಾಗಿ ಇದೇ ನಾಲ್ಕು ಸ್ವರಗಳ ಕೆಳಗೆ ಬೇಸ್‌ನಲ್ಲಿ ಇ ಕೊಟ್ಟರೆ ಇ7 ಫ್ಲ್ಯಾಟ್ 9 ಆಗುತ್ತದೆ. ಬಿ ಫ್ಲ್ಯಾಟ್ ಅಥವಾ ಡಿ ಫ್ಲ್ಯಾಟ್ ಕೊಟ್ಟರೂ ಹಾಗೆಯೇ. ಬಲಗೈಗೆ ಒಂದೇ ಹಿಡಿತ, ಕಾರ್ಡು ನಾಲ್ಕು. ಡಿಮಿನಿಶ್ಡ್ ಕಲಿತವರು ಫ್ಲ್ಯಾಟ್ 9 ಅನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ.

ಪಂಚಮದ ಮೇಲೆಯೇ ಯಾಕೆ?

ಕಾಫಿ ರಾಗದ ಹಾಡಿಗೆ ಜಿ7 ಹಿಡಿದರೆ ಶುದ್ಧ ನಿಷಾದ ನುಸುಳುತ್ತದೆ. ಯಮನ್‌ಗೆ ಹಿಡಿದರೆ ಶುದ್ಧ ಮಧ್ಯಮ ಬರುತ್ತದೆ. ಅಂತಹ ಕಡೆ ಒಂಬತ್ತನ್ನು ಸೇರಿಸಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಡಾಮಿನಂಟ್ ಕಾರ್ಡು ಎಲ್ಲಿದೆ ಅಂತ ಹುಡುಕಬೇಕು. ಬಿಲಾವಲ್, ಖಮಾಜ್, ಕಾಫಿ, ಕಲ್ಯಾಣ್, ಆಸಾವರಿ, ಭೈರವಿ ಈ ಆರೂ ಥಾಟುಗಳು (ಹಿಂದೂಸ್ತಾನಿಯಲ್ಲಿ ರಾಗಗಳನ್ನು ವಿಂಗಡಿಸುವ ಏಳು ಸ್ವರದ ಗುಂಪುಗಳು) ಒಂದೇ ಏಳು ಸ್ವರದ ಸಾಲನ್ನು ಬೇರೆ ಬೇರೆ ಜಾಗದಿಂದ ಶುರು ಮಾಡಿದಾಗ ಸಿಗುವಂಥವು. ಒಂದೊಂದರಲ್ಲೂ ಒಂದೇ ಒಂದು ಡಾಮಿನಂಟ್ 9 ಇರುತ್ತದೆ. ಜಾಗ ಮಾತ್ರ ಬದಲಾಗುತ್ತದೆ:

ಬಿಲಾವಲ್ (ಶಂಕರಾಭರಣ): ಪ ಮೇಲೆ, ಜಿ9
ಖಮಾಜ್ (ಹರಿಕಾಂಭೋಜಿ): ಸಾ ಮೇಲೆ, ಸಿ9
ಕಾಫಿ (ಖರಹರಪ್ರಿಯ): ಮ ಮೇಲೆ, ಎಫ್9
ಕಲ್ಯಾಣ್ (ಮೇಚಕಲ್ಯಾಣಿ): ರಿ ಮೇಲೆ, ಡಿ9
ಆಸಾವರಿ (ನಟಭೈರವಿ): ಕೋಮಲ ನಿ ಮೇಲೆ, ಬಿ ಫ್ಲ್ಯಾಟ್ 9 (ಬಿ ಫ್ಲ್ಯಾಟ್ ಮೇಲೆ ಕಟ್ಟಿದ 9, ಬಿ7 ಫ್ಲ್ಯಾಟ್ 9 ಅಲ್ಲ)
ಭೈರವಿ (ಹನುಮತೋಡಿ): ಕೋಮಲ ಗ ಮೇಲೆ, ಇ ಫ್ಲ್ಯಾಟ್ 9

ಇವುಗಳಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬರುವುದು ಕಾಫಿಯದು. ತತ್ವಪದ, ಭಜನೆಗಳಲ್ಲಿ ಕಾಫಿಯ ನೆರಳು ಆಗಾಗ ಸಿಗುತ್ತದೆ. ಸಿ ಮೈನರ್7 ಮತ್ತು ಎಫ್9 ಎರಡನ್ನೇ ಹಿಂದೆ ಮುಂದೆ ಹಿಡಿಯುತ್ತಿದ್ದರೆ ಇಡೀ ಚರಣ ಸಾಗುತ್ತದೆ. ಬಲಗೈಯಲ್ಲಿ ಸಿ, ಇ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್ ಹಿಡಿದಿರಿ ಅಂದುಕೊಳ್ಳಿ. ಬಿ ಫ್ಲ್ಯಾಟ್ ಬೆರಳೊಂದನ್ನು ಎಗೆ ಇಳಿಸಿ, ಎಡಗೈಯಲ್ಲಿ ಎಫ್ ಕೊಡಿ. ಎಫ್9 ಬಂತು. ಉಳಿದ ಮೂರು ಬೆರಳು ಅಲ್ಲಾಡುವುದಿಲ್ಲ.

ಯಮನ್ ಕಲ್ಯಾಣ್ ಥಾಟಿನದು. ಅದರಲ್ಲಿ ಡಿ9 ಎಂದರೆ ರಿ, ತೀವ್ರ ಮ, ಧ, ಸಾ, ಗ. ಅದು ಎಳೆಯುವುದು ಪಂಚಮದ ಕಡೆಗೆ. ಹಾಡು ತೀವ್ರ ಮಧ್ಯಮದಿಂದ ಪಂಚಮಕ್ಕೆ ಏರುವ ಜಾಗದಲ್ಲಿ ಡಿ9, ಜಿ ಎಂದು ಕೊಟ್ಟು ನೋಡಿ. ಆಸಾವರಿಯಲ್ಲಿ ಬಿ ಫ್ಲ್ಯಾಟ್ 9 ಆದ ಮೇಲೆ ಇ ಫ್ಲ್ಯಾಟ್‌ಗೂ ಹೋಗಬಹುದು, ಸೀದಾ ಸಿ ಮೈನರ್‌ಗೂ ಬರಬಹುದು. ಭೈರವಿಯ ಇ ಫ್ಲ್ಯಾಟ್ 9 ಎ ಫ್ಲ್ಯಾಟ್ ಕಡೆಗೆ ಹೋಗುತ್ತದೆ. ಅದನ್ನು ನಾನು ಕಡಿಮೆ ಬಳಸುತ್ತೇನೆ. ಭೈರವಿ ಹಾಡುವವರು ಬೇರೆ ಸ್ವರಗಳನ್ನೂ ಸೇರಿಸಿ ಹಾಡುತ್ತಾರೆ, ಭಾರದ ಕಾರ್ಡು ಅವರ ಕೈಕಟ್ಟುತ್ತದೆ.

ಖಮಾಜ್ ವಿಷಯದಲ್ಲಿ ಎಚ್ಚರ ಬೇಕು. ಸಿ9ರ ಐದೂ ಸ್ವರ ರಾಗದ ಒಳಗೇ ಇವೆ ನಿಜ. ಹಾಗಂತ ಹಾಡು ಸಾ ಮೇಲೆ ಬಂದು ನಿಂತಾಗಲೆಲ್ಲ ಸಿ9 ಹಿಡಿದರೆ ಅದು ಬ್ಲೂಸ್, ಅಂದರೆ ಆಫ್ರಿಕನ್-ಅಮೆರಿಕನ್ನರ ಹಾಡಿನ ಪದ್ಧತಿ, ಆಗುತ್ತದೆ. ಬ್ಲೂಸ್‌ನಲ್ಲಿ ಡಾಮಿನಂಟ್ ಕಾರ್ಡಿನ ಮೇಲೆಯೇ ನಿಲ್ಲುವುದು ರೂಢಿ. ಟಿ-ಬೋನ್ ವಾಕರ್ ಅವರ ಗಿಟಾರ್ ಕೇಳಿದವರಿಗೆ ಈ 9 ಕಾರ್ಡಿನ ರುಚಿ ಗೊತ್ತು. ಜೇಮ್ಸ್ ಬ್ರೌನ್ ತಂಡದ ಜಿಮ್ಮಿ ನೋಲನ್ ಇದನ್ನೇ ಕತ್ತರಿಸಿ ಕತ್ತರಿಸಿ ನುಡಿಸಿ ಫಂಕ್ ಗಿಟಾರಿಗೆ ಒಂದು ದಾರಿ ಹಾಕಿದರು. ಖಮಾಜ್ ಠುಮ್ರಿಗೆ ಅದು ಒಗ್ಗುವುದಿಲ್ಲ. ನಿಲ್ಲುವ ಜಾಗದಲ್ಲಿ ಬರಿ ಸಿ ಇಡಿ. ಹಾಡು ಕೋಮಲ ನಿ ಮುಟ್ಟಿ ಮಧ್ಯಮದ ಕಡೆ ಹೊರಳುವಾಗ ಮಾತ್ರ ಸಿ9 ಹಿಡಿದು ಎಫ್‌ಗೆ ಹೋಗಿ.

ತಂಬೂರಿ ನುಡಿಯುತ್ತಿದ್ದರೆ ಸಸ್4

ಶ್ರುತಿಪೆಟ್ಟಿಗೆ ಅಥವಾ ತಂಬೂರಿ ಹಿಂದೆ ಸಾ ಹಿಡಿದೇ ಇರುತ್ತದೆ. ಅದರ ಮೇಲೆ ಜಿ9 ಒತ್ತಿದರೆ ನಿಮ್ಮ ನಿ ಮತ್ತು ತಂಬೂರಿಯ ಸಾ ಅರ್ಧಸ್ವರದ ಅಂತರದಲ್ಲಿ ಜಗಳ ಆಡುತ್ತವೆ. ಒಂದು ಕ್ಷಣಕ್ಕೆ ಪರವಾಗಿಲ್ಲ. ಎರಡು ಆವರ್ತ ಹಾಗೆಯೇ ಹಿಡಿದರೆ ಕೇಳಲಾಗುವುದಿಲ್ಲ.

ಇಂಥ ಜಾಗಕ್ಕೆ ಹೇಳಿ ಮಾಡಿಸಿದ್ದು ಜಿ9 ಸಸ್4. ನಿ ತೆಗೆದು ಆ ಜಾಗಕ್ಕೆ ಸಾ ಇಡುವುದು. ಜಿ, ಸಿ, ಡಿ, ಎಫ್, ಎ. ಸುಲಭದ ದಾರಿ ಎಂದರೆ ಎಡಗೈಯಲ್ಲಿ ಜಿ, ಬಲಗೈಯಲ್ಲಿ ಎಫ್ ಮೇಜರ್. ಎಳೆತ ಕಡಿಮೆ, ತೇಲುವ ಗುಣ ಜಾಸ್ತಿ. ತಂಬೂರಿಯ ಸಾ ಈಗ ಕಾರ್ಡಿನದೇ ಒಂದು ಸ್ವರ. ವಚನ ಗಾಯನಕ್ಕೆ, ಚರ್ಚಿನ ನಿಧಾನದ ಹಾಡಿಗೆ ಜಿ9ಗಿಂತ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಚರ್ಚಿನಲ್ಲಿ ತಂಬೂರಿ ಇಲ್ಲದಿದ್ದರೆ ಮೊದಲು ಸಸ್4 ಹಿಡಿದು, ಆಮೇಲೆ ಸಾ ಬೆರಳನ್ನು ನಿಗೆ ಇಳಿಸಿ ಜಿ9 ಮಾಡಿ, ಕೊನೆಗೆ ಸಿಗೆ ಬರಬಹುದು. ಎರಡರ ಲಾಭವೂ ಸಿಕ್ಕಿತು.

ಜಿ9 ಸಸ್4ರ ಐದು ಸ್ವರಗಳನ್ನು ಸಾಲಾಗಿ ಬರೆದು ನೋಡಿ. ಸಾ, ರಿ, ಮ, ಪ, ಧ. ಇದು ದುರ್ಗಾ ರಾಗವೇ, ಕರ್ನಾಟಕಿಯ ಶುದ್ಧ ಸಾವೇರಿ. ಕಾರ್ಡಿನಲ್ಲಿ ಇರುವುದೆಲ್ಲ ರಾಗದಲ್ಲಿದೆ, ರಾಗದಲ್ಲಿ ಇರುವುದೆಲ್ಲ ಕಾರ್ಡಿನಲ್ಲಿದೆ. ಭೂಪಾಲಿ ಅಥವಾ ಮೋಹನಕ್ಕೂ ಇಂಥದೇ ಒಂದು ಜೋಡಿ ಇದೆ. ಸಿ6/9, ಅಂದರೆ ಸಿ, ಇ, ಜಿ, ಎ, ಡಿ. ಸಾ, ಗ, ಪ, ಧ, ರಿ. ಭೂಪಾಲಿಯಲ್ಲಿ ಮ ಮತ್ತು ನಿ ಎರಡೂ ಇಲ್ಲ. ಹಾಗಾಗಿ ಡಾಮಿನಂಟ್ ಕಾರ್ಡಿಗೆ ಅಲ್ಲಿ ಜಾಗವೇ ಇಲ್ಲ. ಸಿ6/9, ಎ ಮೈನರ್, ಜಿ ಸಸ್2 (ಜಿ, ಎ, ಡಿ) ಇಷ್ಟರಲ್ಲೇ ಮುಗಿಸಿ.

ಇನ್ನು ಆಲಾಪ. ಅಲ್ಲಿ ಕೈ ಎತ್ತಿ ಸುಮ್ನೆ ಕೂತರೆ ಹಾಡುವವರು ಖುಷಿಪಡುತ್ತಾರೆ.

ಉಳಿದವು

ಆ್ಯಡ್9ರಲ್ಲಿ ಏಳನೇ ಸ್ವರ ಇಲ್ಲ. ಸಿ ಆ್ಯಡ್9 ಎಂದರೆ ಸಿ, ಇ, ಜಿ, ಡಿ. ಎಲ್ಲಿಗೂ ಎಳೆಯುವುದಿಲ್ಲ, ಬರಿ ಹೊಳಪು ಕೊಡುತ್ತದೆ. ಹಾಡು ಮುಗಿಯುವ ಜಾಗಕ್ಕೆ ಒಳ್ಳೆಯದು. ಹಾಳೆಯಲ್ಲಿ ಸಿ9 ಅಂತ ಇದ್ದಾಗ ಆ್ಯಡ್9 ಹಿಡಿಯುವುದು ಗಿಟಾರ್ ಹುಡುಗರ ಅಭ್ಯಾಸ, ಹಿಡಿಯಲು ಸುಲಭ ಅಂತ. ಎರಡೂ ಒಂದೇ ಅಲ್ಲ. ಕಾರ್ಡು ಶುರುವಾಗುವ ಸ್ವರವನ್ನೇ ಸಾ ಅಂದುಕೊಂಡರೆ ಮೇಜರ್9ರಲ್ಲಿ ಶುದ್ಧ ನಿ ಇರುತ್ತದೆ, ಮೈನರ್9ರಲ್ಲಿ ಕೋಮಲ ಗ. ಇವೆರಡೂ ಡಾಮಿನಂಟ್ ಅಲ್ಲ.

ಅದೇ ಲೆಕ್ಕದಲ್ಲಿ 7 ಶಾರ್ಪ್ 9ರಲ್ಲಿ ಎರಡೂ ಗಂಧಾರ ಒಟ್ಟಿಗೆ ಇದ್ದ ಹಾಗೆ ಕೇಳುತ್ತದೆ. ರಾಕ್ ಗಿಟಾರಿಗರು ಇದನ್ನು ಜಿಮಿ ಹೆಂಡ್ರಿಕ್ಸ್ ಕಾರ್ಡ್ ಅಂತಲೇ ಕರೆಯುತ್ತಾರೆ. ಆರ್ಕೆಸ್ಟ್ರಾದಲ್ಲಿ ರಾಕ್ ಹಾಡು ಬಂದರೆ ಬಳಸಿ. ಭಜನೆಗೆ ಬೇಡ.

ಪೇಟಿ, ಕೀಬೋರ್ಡ್, ಗಿಟಾರ್

ಪೇಟಿ ಮಾಸ್ತರರಿಗೆ ಐದು ಸ್ವರದ ಕಾರ್ಡಿನ ಮಾತು ಹೇಳಿದರೆ ನಗುತ್ತಾರೆ. ಎಡಗೈ ತಿದಿ ಒತ್ತುತ್ತಿರುತ್ತದೆ, ಬಲಗೈ ಹಾಡಿನ ಜೊತೆ ಓಡುತ್ತಿರುತ್ತದೆ. ಅಲ್ಲಿ ಒಂಬತ್ತನ್ನು ಸೂಚಿಸಲು ಎರಡು ಸ್ವರ ಸಾಕು. ಹಾಡು ಧ ಮೇಲೆ ಇರುವಾಗ ಕೆಳಗಿನ ನಿ ಸೇರಿಸಿ, ಅಥವಾ ಮ ಸೇರಿಸಿ. ಕಂಪನಿ ನಾಟಕದ, ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಆದರೆ ಎರಡೂ ಕೈ ಖಾಲಿ. ಅಲ್ಲಿ ಕೆಳಗೆ ಪ, ಮೇಲೆ ನಿ, ಮ, ಧ. ರಿ ಬಿಡಿ. ಹಾರ್ಮೋನಿಯಂ ರೀಡುಗಳ ನಾದ ದಪ್ಪ, ಸ್ವರ ಜಾಸ್ತಿ ಆದಷ್ಟೂ ಕಲಸಿಹೋಗುತ್ತದೆ. ಪ ಮತ್ತು ಧವನ್ನು ಕೆಳಗಿನ ಸಪ್ತಕದಲ್ಲಿ ಅಕ್ಕಪಕ್ಕ ಒತ್ತಲೇಬೇಡಿ.

ಕೀಬೋರ್ಡಿನಲ್ಲಿ ಪ್ರಶ್ನೆ ಬೇರೆ. ಬೇಸ್ ಗಿಟಾರ್ ಇದ್ದರೆ ಜಿ ಅವರಿಗೆ ಬಿಟ್ಟು ನೀವು ಬಿ, ಡಿ, ಎಫ್, ಎ ಹಿಡಿಯಿರಿ. ಇದಕ್ಕೆ ಮೊದಲು ಡಿ ಮೈನರ್7 ಇದ್ದರೆ ಇನ್ನೂ ಸುಲಭ. ಡಿ, ಎಫ್, ಎ ಹಾಗೆಯೇ ಇರುತ್ತವೆ, ಸಿ ಮಾತ್ರ ಬಿ ಆಗುತ್ತದೆ. ಆದರೆ ಆಟೋ ಸ್ಟೈಲ್ (ನಾವು ಹಿಡಿದ ಕಾರ್ಡು ನೋಡಿ ಕೀಬೋರ್ಡೇ ಬೇಸ್, ತಾಳ ಸೇರಿಸುವ ಸೌಲಭ್ಯ) ಹಾಕಿಕೊಂಡು ಒಬ್ಬರೇ ನುಡಿಸುವವರು ಜಿ ಬಿಡಬಾರದು. ಜಿ ಇಲ್ಲದ ಜಿ9ನ್ನು ಯಂತ್ರ ಡಿ ಮೈನರ್6 ಅಂತಲೋ ಬಿ ಮೈನರ್7 ಫ್ಲ್ಯಾಟ್ 5 ಅಂತಲೋ ಓದಿಕೊಂಡು ಬೇಸ್ ತಪ್ಪಿಸುತ್ತದೆ. ಸ್ವರಗಳು ಅವೇ ಆಗಿರುವುದರಿಂದ ಅದರ ತಪ್ಪೂ ಅಲ್ಲ. ಪರದೆಯ ಮೇಲೆ ಯಾವ ಹೆಸರು ಬರುತ್ತಿದೆ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ.

ಗಿಟಾರಿನಲ್ಲಿ ಹೋಲಿಸುವುದು ಎಲ್ಲಕ್ಕಿಂತ ಸುಲಭ, ಒಂದು ಬೆರಳು ಬದಲಿಸಿದರೆ ಕಾರ್ಡು ಬದಲಾಗುತ್ತದೆ. ಐದನೇ ತಂತಿ 3ನೇ ಫ್ರೆಟ್, ನಾಲ್ಕನೇ ತಂತಿ 2, ಮೂರನೇ ತಂತಿ 3, ಎರಡನೇ ತಂತಿ 3. ಇದು ಸಿ9. ಎರಡನೇ ತಂತಿಯನ್ನು 2ಕ್ಕೆ ಇಳಿಸಿದರೆ ಸಿ7 ಫ್ಲ್ಯಾಟ್ 9. 4ಕ್ಕೆ ಏರಿಸಿದರೆ ಸಿ7 ಶಾರ್ಪ್ 9. ಐದನೇ ತಂತಿಯಿಂದ ಮೊದಲ ತಂತಿಯವರೆಗೆ ಒಂದೇ ಬೆರಳಲ್ಲಿ 3ನೇ ಫ್ರೆಟ್ ಒತ್ತಿದರೆ ಸಿ9 ಸಸ್4. ಎಲ್ಲವನ್ನೂ ಏಳು ಫ್ರೆಟ್ ಮೇಲೆ ಸರಿಸಿದರೆ ಜಿ. ಕೆಳಗೇ ಜಿ9 ಬೇಕೆಂದರೆ ಆರನೇ ತಂತಿಯಿಂದ ಕ್ರಮವಾಗಿ 3, 2, ಖಾಲಿ, 2, ಖಾಲಿ, 1.

ಈಗ ಶ್ರುತಿಯ ವಿಷಯ. ಹಾಡುವವರು ಕಪ್ಪು ಎರಡು ಅಂದರು ಅಂದುಕೊಳ್ಳಿ. ಸಾ ಈಗ ಇ ಫ್ಲ್ಯಾಟ್, ಪ ಬಿ ಫ್ಲ್ಯಾಟ್. ಜಿ9 ಜಾಗಕ್ಕೆ ಬರುವುದು ಬಿ ಫ್ಲ್ಯಾಟ್ 9, ಅಂದರೆ ಬಿ ಫ್ಲ್ಯಾಟ್, ಡಿ, ಎಫ್, ಎ ಫ್ಲ್ಯಾಟ್, ಸಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ 3 ಮಾಡಿ ಜಿ9 ಬೆರಳುಗಳನ್ನೇ ಇಡಬಹುದು. ಗಿಟಾರಿನಲ್ಲಿ 3ನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತುವ ಕ್ಲಿಪ್ಪು) ಹಾಕಬಹುದು. ಆದರೆ ಜೊತೆಯವರಿಗೆ ಹೇಳುವಾಗ ನಿಮ್ಮ ಬೆರಳಿನ ಹೆಸರು ಹೇಳಬೇಡಿ, ಕೇಳುವ ಸ್ವರದ ಹೆಸರು ಹೇಳಿ.

ಬ್ಯಾಂಡಿನ ಕ್ಲಾರಿನೆಟ್, ಟ್ರಂಪೆಟ್ ಇದ್ದರೆ ಇನ್ನೊಂದು ಲೆಕ್ಕ. ಕ್ಲಾರಿನೆಟ್ ಎಂದರೆ ರಾಯಚೂರಿನವರಿಗೆ ಮೊದಲು ನೆನಪಾಗುವುದು ಪಂಡಿತ್ ನರಸಿಂಹಲು ವಡವಾಟಿ. ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿ ಹೆಸರಾದವರು ಅವರು. ಮದುವೆ ಬ್ಯಾಂಡುಗಳಲ್ಲಿ ಇರುವ ಕ್ಲಾರಿನೆಟ್ ಸಾಮಾನ್ಯವಾಗಿ ಬಿ ಫ್ಲ್ಯಾಟ್ ವಾದ್ಯ. ಅವರು ತಮ್ಮ ಸಿ ಊದಿದರೆ ನಮಗೆ ಕೇಳುವುದು ಬಿ ಫ್ಲ್ಯಾಟ್. ಬಿಳಿ ಒಂದರ ಹಾಡಿನಲ್ಲಿ ಜಿ9ರ ಎ ಸ್ವರವನ್ನು ಅವರಿಂದ ಊದಿಸಬೇಕಾದರೆ ಬಿ ಊದಿ ಅನ್ನಬೇಕು. ಆಗ ನೀವು ಜಿ7 ಹಿಡಿದುಕೊಂಡಿದ್ದರೆ ಸಾಕು.